ನಟ್ಟನಡುವೆ ಕೂತ ಸ್ವಾಮಿಗೆ ಭಜನೆ ಕೇಳಿಸಿತೇ?

ದಿನಾ ದೇವರಿಗೆ ದೀಪ ಹಚ್ಚುವ ಹೆಂಗಸು ಸುಳ್ಳು ಹೇಳಬಾರದು ಅನ್ನುತ್ತಾರೆ. ನಾನು ಹೇಳಿದ್ದೇನೆ. ನಾಲಿಗೆಯಿಂದ ಹೇಳಿದ್ದು ಕಡಿಮೆ, ಕಿವಿಯಿಂದ ಹೇಳಿದ್ದೇ ಹೆಚ್ಚು. ಕಿವಿಯಿಂದ ಸುಳ್ಳು ಹೇಳುವುದು ಹೇಗೆ ಎಂದು ಕೇಳುವವರಿಗೆ ಇನ್ನೂ ಮದುವೆಯಾಗಿಲ್ಲ ಎಂದು ತಿಳಿದುಕೊಳ್ಳುತ್ತೇನೆ. ಗಂಡನೆಂಬುವನು ಏನನ್ನೋ ಕೇಳಿಸಿ "ಹೆಂಗದೆ?" ಅಂದಾಗ, ಒಲೆಯ ಮೇಲೆ ಹಾಲಿಟ್ಟವಳು ಏನು ಹೇಳಬೇಕೋ ಅದನ್ನೇ ನಾನೂ ಮೂವತ್ತೊಂದು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ: "ಚೆನ್ನಾಗದೆ ರೀ, ಮೊದಲಿಗಿಂತ ಎಷ್ಟೋ ವಾಸಿ." ಇದರಿಂದ ಯಾರಿಗೂ ನಷ್ಟವಿಲ್ಲ, ಹಾಲೂ ಉಕ್ಕುವುದಿಲ್ಲ, ಸಂಸಾರವೂ ಉಕ್ಕುವುದಿಲ್ಲ ಎಂದು ನೆಮ್ಮದಿಯಾಗಿದ್ದೆ. ಈ ವರ್ಷ ನನ್ನ ಈ ಪುಟ್ಟ ಸುಳ್ಳಿನ ದೆಸೆಯಿಂದ ಒಬ್ಬ ಮುದುಕಿಯ ಹಾಡು ನಿಂತೇಹೋಗುವ ಹಾಗಾಯಿತು. ಅದನ್ನು ಹೇಳಿಕೊಂಡು ಹಗುರಾಗೋಣವೆಂದು ಕೂತಿದ್ದೇನೆ.

ನಮ್ಮೆಜಮಾನರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಬೀಡಿಯೂ ಇಲ್ಲ. ಸ್ವಾಮಿ ದೊಡ್ಡವನು. ಇರುವುದು ಒಂದೇ ಚಟ, ಸ್ಪೀಕರು. ಕೆಜಿಎಫ್‌ನ ನಂದಿದುರ್ಗದಲ್ಲಿ ಗಣಿ ಕೆಲಸದವರಿಗೆಂದು ಹಿಂದೆ ಕಟ್ಟಿಸಿದ ಲೈನ್‌ಮನೆ ನಮ್ಮದು. ಎರಡು ಕೋಣೆ, ಮುಂದೊಂದು ಜಗುಲಿ. ಕಟ್ಟಿಸಿದವರು ಒಳಗೆ ಗಂಡ, ಹೆಂಡತಿ, ನಾಲ್ಕು ಮಕ್ಕಳು, ಒಂದು ಕೋಳಿಬುಟ್ಟಿ ಹಿಡಿಸಬೇಕೆಂದು ಲೆಕ್ಕ ಹಾಕಿದ್ದರೇ ಹೊರತು, ಎದೆಮಟ್ಟದ ಎರಡು ಮರದ ಡಬ್ಬಗಳೂ ಇರುತ್ತವೆಂದು ಎಣಿಸಿರಲಿಲ್ಲ. ನಮ್ಮ ಮನೆಯಲ್ಲಿ ಆ ಡಬ್ಬಗಳು ಕೂತಿವೆ, ನಾವು ಉಳಿದ ಜಾಗದಲ್ಲಿ ಓಡಾಡುತ್ತೇವೆ. ಒಂದರ ತಲೆಯ ಮೇಲೆ ನಾನು ಉಪ್ಪಿನಕಾಯಿ ಜಾಡಿ ಇಟ್ಟೆ. ಜಾಡಿ ಇಟ್ಟರೆ ಸೌಂಡು ಕೆಡುತ್ತದೆ ಎಂದು ಅವರು, ಸೌಂಡು ಹಾಕಿದರೆ ಉಪ್ಪಿನಕಾಯಿ ಕೆಡುತ್ತದೆ ಎಂದು ನಾನು. ಇಲ್ಲಿಯವರೆಗೆ ಎರಡೂ ಕೆಟ್ಟಿಲ್ಲ. ಇದನ್ನೂ ನಾನು ಸ್ವಾಮಿಯ ಲೆಕ್ಕಕ್ಕೇ ಹಾಕಿದ್ದೇನೆ.

ಅವರಿಗೆ ಕಿವಿಯ ಮೇಲೆ ಅಷ್ಟು ಅಭಿಮಾನ ಬರಲು ಕಾರಣವೂ ಇದೆ. ಗಣಿ ನಡೆಯುತ್ತಿದ್ದಾಗ ಅವರದು ಇಂಜಿನ್ ಮನೆಯಲ್ಲಿ ಕೆಲಸ. ಜನರನ್ನು ತುಂಬಿಕೊಂಡು ಪಾತಾಳಕ್ಕೆ ಇಳಿಯುವ ಕೇಜು ಇರುತ್ತಿತ್ತಲ್ಲ, ಕೆಳಗಿನಿಂದ ಗಂಟೆ ಬಡಿದರೆ ಎಷ್ಟು ಏಟು ಎಂದು ಎಣಿಸಿ ಅದನ್ನು ಎತ್ತುವುದೋ ಇಳಿಸುವುದೋ ಮಾಡಬೇಕು. ಒಂದು ಏಟು ತಪ್ಪಾಗಿ ಕೇಳಿಸಿಕೊಂಡರೆ ಮುಗಿಯಿತು. ಅವರು ಒಮ್ಮೆಯೂ ತಪ್ಪಲಿಲ್ಲ. ಹಾಗಾಗಿ "ಜನರ ಪ್ರಾಣ ಕಾದ ಕಿವಿ ಕಣೇ ಇದು" ಎಂದು ಈಗಲೂ ಎಡಗಿವಿಯ ತುದಿ ಹಿಡಿದು ತೋರಿಸುತ್ತಾರೆ. ಜನರ ಪ್ರಾಣ ಕಾದ ಆ ಕಿವಿಗೆ "ರೀ, ನಲ್ಲೀಲಿ ನೀರ್ ಬಂತು, ಬಿಂದಿಗೆ ಎತ್ಕೊಡಿ" ಎಂಬುದು ಮಾತ್ರ ಮೂರು ಸಲ ಕೂಗಿದರೂ ಬೀಳುವುದಿಲ್ಲ. ಗಣಿ ಮುಚ್ಚಿದ ಮೇಲೆ ದಿನಾ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತರು. ಮದುವೆಯ ಹೊತ್ತಿಗೇ ಇದ್ದ ಈ ಡಬ್ಬ ಕಟ್ಟುವ ರೋಗ ಅಲ್ಲಿ ಉಲ್ಬಣವಾಯಿತು. ಬಂಗಾರಪೇಟೆಗೆ ಹೋದ ಬೇರೆ ಗಂಡಂದಿರು ಹೆಂಡತಿಗೆ ಪಾನಿಪುರಿ ಕಟ್ಟಿಸಿಕೊಂಡು ಬರುತ್ತಿದ್ದರು. ನಮ್ಮವರ ಚೀಲದಲ್ಲಿ ಅಯಸ್ಕಾಂತವಿರುತ್ತಿತ್ತು.

ಈಗ ಫೇಸಿನ ವಿಚಾರ ಹೇಳಬೇಕು. ಕರೆಂಟಿನ ಸಿಂಗಲ್ ಫೇಸು, ತ್ರೀ ಫೇಸು ಅಲ್ಲ. ಸೌಂಡಿನದು. ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ, ತಪ್ಪಿದ್ದರೆ ನಮ್ಮೆಜಮಾನರಿಗೆ ಹೇಳಬೇಡಿ. ಸ್ಪೀಕರಿನೊಳಗೆ ಒಂದು ಕಾಗದದ ತಟ್ಟೆ ಇರುತ್ತದೆ. ಅದು ಮುಂದಕ್ಕೆ ಬಂದು ಗಾಳಿಯನ್ನು ತಳ್ಳುತ್ತದೆ, ಹಿಂದಕ್ಕೆ ಹೋಗಿ ಎಳೆದುಕೊಳ್ಳುತ್ತದೆ. ಅದೇ ಸೌಂಡು. ಎರಡು ಸ್ಪೀಕರು ಇಟ್ಟರೆ ಎರಡರ ತಟ್ಟೆಯೂ ಒಟ್ಟಿಗೆ ಮುಂದೆ ಬಂದು ಒಟ್ಟಿಗೆ ಹಿಂದೆ ಹೋಗಬೇಕು. ಒಂದಕ್ಕೆ ಪ್ಲಸ್ಸು ಮೈನಸ್ಸು ಅದಲು ಬದಲಾಗಿ ಕೊಟ್ಟರೆ ಇದು ತಳ್ಳುವಾಗ ಅದು ಎಳೆಯುತ್ತದೆ. ತೊಟ್ಟಿಲಿನ ಆಕಡೆ ಅತ್ತೆ, ಈಕಡೆ ಸೊಸೆ ನಿಂತು ಇಬ್ಬರೂ ಒಂದೇ ಸಲ ಎದುರುಬದುರು ತಳ್ಳಿದ ಹಾಗೆ. ಇಬ್ಬರಿಗೂ ಕೈ ನೋವು, ತೊಟ್ಟಿಲು ನಿಂತಲ್ಲೇ, ಮಗುವಿನ ಅಳು ಬೇರೆ. ಇದು ಎರಡಕ್ಕೂ ಸರಿಸಮ ದೂರದಲ್ಲಿ, ನಟ್ಟನಡುವೆ ಕೂತವರಿಗೆ ಚೆನ್ನಾಗಿ ಗೊತ್ತಾಗುತ್ತದಂತೆ. ದನಿ ಟೊಳ್ಳಾಗಿ, ಎಲ್ಲಿಂದಲೋ ಗಡಿಗೆಯೊಳಗಿಂದ ಬಂದ ಹಾಗೆ ಕೇಳುತ್ತದೆ. ಪಕ್ಕಕ್ಕೆ ಸರಿದು ಒಂದು ಡಬ್ಬದ ಹತ್ತಿರ ಕೂತರೆ ಎಲ್ಲ ಸರಿಯಾಗಿಯೇ ಇದೆ ಅನಿಸುತ್ತದೆ.

ಇಷ್ಟರಲ್ಲಿ ಯಾರದೂ ತಕರಾರಿಲ್ಲ. ತಕರಾರು ಇರುವುದು ಇದರ ಮುಂದೆ. ಎರಡು ಡಬ್ಬಕ್ಕೂ ಅದಲು ಬದಲಾಗಿ ಕೊಟ್ಟರೆ ಏನು? ಎರಡೂ ಕೂಡಿಯೇ ಹೋಗುತ್ತವೆ, ಕೂಡಿಯೇ ಬರುತ್ತವೆ. ಮುಂದೆ ಬರಬೇಕಾದಾಗ ಎರಡೂ ಹಿಂದೆ ಹೋಗುತ್ತವೆ, ಅಷ್ಟೇ. ಇದು ಮನುಷ್ಯರ ಕಿವಿಗೆ ತಿಳಿಯುತ್ತದೆಯೇ? ತಿಳಿಯುತ್ತದೆ ಎಂದು ನಮ್ಮೆಜಮಾನರು. ಮೃದಂಗಕ್ಕೆ ಏಟು ಬಿದ್ದಾಗ ಸೌಂಡು ಎದೆಗೆ ಬಂದು ಬಡಿಯಬೇಕು, ಉಲ್ಟಾ ಕೊಟ್ಟರೆ ಎದೆಯಿಂದ ಯಾರೋ ಕಿತ್ತುಕೊಂಡು ಹೋದ ಹಾಗಿರುತ್ತದೆ ಎಂಬುದು ಅವರ ವಾದ. ಸಾಧ್ಯವೇ ಇಲ್ಲ ಎಂದು ಸೆಲ್ವ. ಸೆಲ್ವ ಆಂಡರ್ಸನ್‌ಪೇಟೆಯಲ್ಲಿ ಮದುವೆ, ಮುಂಜಿ, ಸಾವಿಗೆಲ್ಲ ಸೌಂಡ್‌ಸೆಟ್ ಬಾಡಿಗೆಗೆ ಕೊಡುವವನು. ತಮಿಳಿನವನು, ನನ್ನನ್ನು ಅಕ್ಕಾ ಎಂದೇ ಕರೆಯುತ್ತಾನೆ. ವಾರಕ್ಕೆರಡು ಸಲ ಬಂದು ನಮ್ಮ ಜಗುಲಿಯಲ್ಲಿ ಕೂತು ಚಹಾ ಕುಡಿಯುತ್ತಾ ಜಗಳವಾಡುತ್ತಾನೆ.

"ಅಣ್ಣ, ಒಂದ್ ಡಬ್ಬಾಗೆ ಉಲ್ಟಾ ಕೊಟ್ರೆ ಎಮ್ಮೆಗೂ ತಿಳೀತದೆ. ಎರಡ್ಕೂ ಕೊಟ್ರೆ ಬ್ರಹ್ಮನಿಗೂ ತಿಳಿಯಲ್ಲ. ಸುಮ್ನೆ ಯಾಕಣ್ಣ?"

"ನಿನ್ ಕಿವೀಗೆ ತಿಳಿಯಲ್ಲ ಅನ್ನು. ಇಪ್ಪತ್ತು ವರ್ಷ ಹಾರ್ನ್ ಸ್ಪೀಕರ್ ಕೆಳಗೆ ನಿಂತಿರೋ ಕಿವಿ ಅದು. ಕಿವೀನಾ, ಕೊಟ್ಟಿಗೆ ಕಿಟಕೀನಾ?"

"ಸರಿ ಅಣ್ಣ, ಅಕ್ಕನ ಕರೀರಿ. ಅಕ್ಕನೇ ಹೇಳ್ಲಿ."

ಎಲ್ಲ ಜಗಳವೂ ಕಡೆಗೆ ನನ್ನ ಕಿವಿಯ ಬಾಗಿಲಿಗೇ ಬರುತ್ತಿತ್ತು. ಮಣೆಯ ಮೇಲೆ ಕೂರಿಸಿ ಕಣ್ಣು ಮುಚ್ಚಿಸುತ್ತಿದ್ದರು. ಡಬ್ಬಗಳ ಹಿಂದೆ ಏನೋ ಕಟಕಟ. "ಈಗ?" ಮತ್ತೆ ಕಟಕಟ. "ಈಗ?" ನಾನು ಮಡಿಲಲ್ಲಿ ಸೊಪ್ಪು ಇಟ್ಟುಕೊಂಡು ಸೋಸುತ್ತಲೇ ಕೇಳುತ್ತಿದ್ದೆ. ಬಾಯಿಬಿಟ್ಟು ಹೇಳುವುದಾದರೆ, ಮೊದಲನೆಯದಕ್ಕೂ ಎರಡನೆಯದಕ್ಕೂ ನನಗೆ ಯಾವ ವ್ಯತ್ಯಾಸವೂ ಕಂಡಿದ್ದಿಲ್ಲ. ಆದರೆ ಎರಡನೆಯದು ಚೆನ್ನಾಗಿದೆ ಅಂದರೆ ಬೇಗ ಬಿಡುತ್ತಾರೆ, ಮೊದಲನೆಯದು ಅಂದರೆ ಮತ್ತೆ ಬಿಚ್ಚಿ ಹಾಕುತ್ತಾರೆ ಎಂಬುದು ಮದುವೆಯಾದ ಮೊದಲ ವರ್ಷದಲ್ಲೇ ತಿಳಿದಿತ್ತು. ಹೀಗಾಗಿ ನಾನು ಮೂವತ್ತು ವರ್ಷದಲ್ಲಿ ಮೊದಲನೆಯದನ್ನು ಒಮ್ಮೆಯೂ ಮೆಚ್ಚಿದವಳಲ್ಲ. ನನ್ನ ಮಾತಿನ ಬಲದಿಂದ ಅವರು ಸೆಲ್ವನನ್ನು ಅದೆಷ್ಟು ಸಲ ಸೋಲಿಸಿದ್ದಾರೋ. ಪಾಪ, ಅವನು ಪ್ರತಿ ಸಲವೂ ಚಹಾದ ಲೋಟ ತೊಳೆದಿಟ್ಟು ತಲೆತಗ್ಗಿಸಿಕೊಂಡು ಹೋಗುತ್ತಿದ್ದ.

ನಮ್ಮ ಲೈನಿನ ಕೊನೆಯಲ್ಲಿ ಒಂದು ಪುಟ್ಟ ರಾಮರ ಗುಡಿ ಇದೆ. ಗುಡಿ ಅನ್ನುವುದಕ್ಕಿಂತ ಭಜನೆ ಮನೆ ಅನ್ನಬೇಕು. ಉದ್ದನೆಯ ಒಂದು ಹಜಾರ, ಅದರ ತುದಿಯಲ್ಲಿ ಸ್ವಾಮಿ. ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ ಕೂರುವುದು ಪದ್ಧತಿ. ನಡುವೆ ಒಂದು ಚಾಪೆಯಗಲ ಜಾಗ ಬಿಟ್ಟಿರುತ್ತಾರೆ. ಸ್ವಾಮಿಯ ದೃಷ್ಟಿಗೆ ಅಡ್ಡ ಕೂರಬಾರದು ನೋಡಿ. ಶನಿವಾರ ಎಷ್ಟೇ ಜನ ತುಂಬಿದರೂ ಆ ಜಾಗಕ್ಕೆ ಒಂದು ಮಗುವನ್ನೂ ಬಿಡುವುದಿಲ್ಲ. ಯುಗಾದಿಗೆ ಗುಡಿಗೆ ಹೊಸ ಸ್ಪೀಕರು ಬಂದವು. ನಮ್ಮೆಜಮಾನರೇ ಬಂಗಾರಪೇಟೆಯಿಂದ ರೈಲಿನಲ್ಲಿ, ಮದುಮಗಳನ್ನು ಕರೆತರುವ ಹಾಗೆ ಎರಡನ್ನೂ ಸೀಟಿನ ಮೇಲೆ ಕೂರಿಸಿಕೊಂಡು ತಾವು ನಿಂತುಕೊಂಡು ತಂದರು. ಸ್ವಾಮಿಯ ಬಾಗಿಲ ಆಚೆಗೊಂದು ಈಚೆಗೊಂದು ಇಟ್ಟು ವೈರು ಎಳೆದರು. ಸೇವೆ ಎಂದರು. ಎಲ್ಲರೂ ಮೆಚ್ಚಿಕೊಂಡರು. ನನಗೂ ಹೆಮ್ಮೆಯಾಯಿತು, ಅದರಲ್ಲೂ ಅವು ನಮ್ಮ ಮನೆಯಲ್ಲಿ ಇಲ್ಲವಲ್ಲ ಎಂದು ಇನ್ನಷ್ಟು.

ಆ ಗುಡಿಯಲ್ಲಿ ಶನಿವಾರ ಹಾಡುವವಳು ನರಸಮ್ಮಜ್ಜಿ. ಮನೆಮಾತು ತೆಲುಗು, ಬೈಯುವುದು ತಮಿಳಿನಲ್ಲಿ, ನಮ್ಮೊಂದಿಗೆ ಕನ್ನಡ. ಮೂರನ್ನೂ ಒಂದೇ ಸಾಲಿಗೆ ಹಾಕಿ ಒಗ್ಗರಣೆ ಕೊಡುವುದೂ ಉಂಟು. ಅವಳ ಗಂಡ ಗಣಿಗೆ ಇಳಿಯುತ್ತಿದ್ದ ಕಾಲದಲ್ಲಿ ಒಮ್ಮೆ ಕೆಳಗೆ ಬಂಡೆ ಜಾರಿ ಅವನು ಸಿಕ್ಕಿಕೊಂಡಾಗ, ಮೇಲೆ ಬರುವವರೆಗೂ ಇವಳು ಈ ಗುಡಿಯಲ್ಲೇ ಹಾಡುತ್ತಾ ಕೂತಿದ್ದಳಂತೆ. ಅವನು ಬಂದ. ಜೀವ ಇರುವವರೆಗೂ ಶನಿವಾರ ನಿನ್ನ ಮುಂದೆ ಹಾಡುತ್ತೇನೆ ಸ್ವಾಮಿ ಎಂದು ಅವತ್ತು ಹೇಳಿಕೊಂಡ ಹರಕೆ. ಗಣಿ ಮುಚ್ಚಿತು, ಗಂಡನೂ ವಯಸ್ಸಾಗಿ ಹೋದ, ಹರಕೆ ಮಾತ್ರ ನಡೆದುಕೊಂಡು ಬಂತು. ಅವಳ ಪಕ್ಕದಲ್ಲಿ ಅದೇ ಮೈಕಿಗೆ ಬಾಯಿಟ್ಟು, ತಾಳ ತಟ್ಟುತ್ತಾ ಪಲ್ಲವಿ ಎತ್ತಿಕೊಡುವವಳು ನಾನು.

ಜೂನ್ ತಿಂಗಳ ಹೊತ್ತಿಗೆ ಗುಡಿಯ ಅಧ್ಯಕ್ಷರಾದ ಕೃಷ್ಣಪ್ಪ ಮೇಷ್ಟ್ರು ಒಂದು ಮಾತು ತೆಗೆದರು. ಅವರಿಗೆ ಮಂಡಿ ಆಪರೇಷನ್ ಆಗಿ ನೆಲದ ಮೇಲೆ ಕೂರಲಾಗುವುದಿಲ್ಲ. ಕುರ್ಚಿ ಹಾಕಿದರೆ ಹಿಂದಿನವರಿಗೆ ಮರೆಯಾಗುತ್ತದೆ. ಅದಕ್ಕೆ ನಡುವಿನ ಖಾಲಿ ಜಾಗದಲ್ಲಿ, ಎಲ್ಲರಿಗಿಂತ ಹಿಂದೆ, ಅವರದೊಂದು ಪ್ಲಾಸ್ಟಿಕ್ ಕುರ್ಚಿ. ಸ್ವಾಮಿಯ ದೃಷ್ಟಿಗೆ ಅಡ್ಡವಲ್ಲವೇ ಎಂದರೆ, ಅಷ್ಟು ದೂರದಿಂದ ತಾನು ಕಾಣುವುದಿಲ್ಲ ಎಂದು ಅವರ ಸಮಾಧಾನ. ಸ್ವಾಮಿಯ ಕಣ್ಣಿನ ಬಗ್ಗೆ ಅವರಿಗೆ ಅಷ್ಟೇ ನಂಬಿಕೆ. "ಅಜ್ಜಿ ದನಿ ಓಯ್ತು ಕಣ್ರೀ. ಹೊಸಾ ಸೆಟ್ಟು ಬಂದಾಗಿಂದ ನೋಡ್ತಾ ಇವ್ನಿ, ಗಡಿಗೆ ಒಳಗೆ ಕೂತು ಹಾಡ್ದಂಗದೆ. ವಯಸ್ಸಾಯ್ತು, ಪಾಪ. ನಾನು ಮೆಣಸಿನ ಕಷಾಯ ಹೇಳ್ಕೊಟ್ಟಿವ್ನಿ, ಕುಡೀಲಿ. ಶ್ರಾವಣದ ಹೊತ್ಗೂ ಸರಿಹೋಗ್ಲಿಲ್ಲ ಅಂದ್ರೆ ಶ್ರಾವಣ ಶನಿವಾರಕ್ಕೆ ಪೆನ್‌ಡ್ರೈವ್ ಹಾಕ್ಬುಡಾನ. ಒಳ್ಳೊಳ್ಳೆ ಭಜನೆ ಅವೆ."

ಅಜ್ಜಿ ಕಷಾಯ ಕುಡಿದಳು. ಮೂಗಿನಲ್ಲಿ ಕಣ್ಣಿನಲ್ಲಿ ನೀರು ಬಂತೇ ಹೊರತು ಮೇಷ್ಟ್ರ ಕುರ್ಚಿಗೆ ಬೇಕಾದ ದನಿ ಬರಲಿಲ್ಲ. ಒಂದು ದಿನ ನಮ್ಮ ಜಗುಲಿಗೆ ಬಂದು ಕೂತಳು. "ಪದ್ಮೀ, ನನ್ ಗೊಂತು, ಗಂಟ್ಲು, ಓಗದೆ ಅಂತವ್ರೆ. ನಂಗೆ ತಿಳೀವಲ್ದು. ನಿಜ ಹೇಳಮ್ಮಿ, ಓಗದಾ?"

"ಇಲ್ಲಜ್ಜೀ, ಚೆನ್ನಾಗಿಯೇ ಅದೆ" ಅಂದೆ. ಇದೊಂದು ಸಲ ನಿಜ ಹೇಳಿದ್ದೆ.

"ಪೆನ್‌ಡ್ರೈವ್ ಅಂದ್ರೆ ಏನಮ್ಮಿ?"

"ಬೆರಳುದ್ದ ಇರ್ತದೆ. ಅದ್ರಲ್ಲಿ ಸಾವಿರ ಹಾಡು."

"ಅದ್ರ ಗಂಡ ಯಾವ್ ಗಣಿಗೆ ಇಳ್ದಿದ್ದ?" ಎಂದು ಕೇಳಿ ಅಜ್ಜಿ ಎದ್ದು ಹೋದಳು.

ಮುಂದಿನ ಶನಿವಾರ ಅಜ್ಜಿ ಮಂಗಳ ಹಾಡುತ್ತಿದ್ದಾಗ ಆರತಿ ತಟ್ಟೆ ಹಿಡಿದು ಎಲ್ಲರಿಗೂ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಹೆಂಗಸರಿಗೆ ಕೊಟ್ಟು ಗಂಡಸರ ಕಡೆ ಹೋಗಬೇಕು, ನಡುವಿನ ಜಾಗ ದಾಟಿದೆ. ದಾಟುವಾಗ ಅಜ್ಜಿಯ ದನಿ ಪುಸಕ್ಕನೆ ಸೋರಿಹೋಯಿತು. ಗಾಬರಿಯಾಗಿ ತಿರುಗಿ ನೋಡಿದೆ, ಅಜ್ಜಿ ಬಾಯಿತುಂಬ ಹಾಡುತ್ತಲೇ ಇದ್ದಳು. ಎರಡು ಹೆಜ್ಜೆ ಗಂಡಸರ ಕಡೆ ಸರಿದೆ, ದನಿ ಬಂತು. ಮತ್ತೆ ನಡುವಿಗೆ ಬಂದೆ, ಹೋಯಿತು. ಮೂರು ಸಲ ಹೀಗೆ ಆಚೀಚೆ ಹೋಗಿ ಬಂದೆ. ನನಗೆ ಭಕ್ತಿ ಹೆಚ್ಚಾಗಿ ಆವೇಶ ಬಂದಿದೆ ಎಂದುಕೊಂಡು ಒಬ್ಬಿಬ್ಬರು ಕೈಮುಗಿದರು. ನನಗೆ ಬಂದದ್ದು ಆವೇಶವಲ್ಲ, ತೊಟ್ಟಿಲಿನ ನೆನಪು. ಒಂದು ಡಬ್ಬಕ್ಕೆ ಉಲ್ಟಾ ಬಿದ್ದಿದೆ! ಗಂಡಸರು ಅವರ ಡಬ್ಬದ ಹತ್ತಿರ, ಹೆಂಗಸರು ತಮ್ಮ ಡಬ್ಬದ ಹತ್ತಿರ. ನಡುವೆ ಯಾರೂ ಕೂರುವುದಿಲ್ಲವಾದ್ದರಿಂದ ಯಾರಿಗೂ ತಿಳಿದಿಲ್ಲ. ಕೂತಿರುವುದು ಇಬ್ಬರೇ. ಆ ತುದಿಯಲ್ಲಿ ಮೇಷ್ಟ್ರು, ಈ ತುದಿಯಲ್ಲಿ ಸ್ವಾಮಿ.

ಆಗ ನನಗೆ ಇನ್ನೊಂದೂ ಹೊಳೆಯಿತು. ಯುಗಾದಿಯಿಂದ ನಾವೆಲ್ಲ ಕೂಗಿಕೊಂಡದ್ದು ಸ್ವಾಮಿಗೆ ಗಡಿಗೆಯೊಳಗಿಂದ ಕೇಳಿದೆ. ಬೇತಮಂಗಲ ಕೆರೆಯ ನಲ್ಲಿ ನೀರು ವಾರಕ್ಕೆ ಎರಡು ಸಲವಾದರೂ ಬರಲಿ ಎಂದು ಬೇಡಿಕೊಂಡಿದ್ದೆ, ಒಂದೇ ಸಲ ಬಂತು. ಅರ್ಧ ಕೇಳಿಸಿಕೊಂಡು ಅರ್ಧ ಕೊಟ್ಟಿದ್ದಾನೆ, ತಪ್ಪು ಅವನದಲ್ಲ.

ಮನೆಗೆ ಬಂದವಳೇ ನಮ್ಮೆಜಮಾನರಿಗೆ ಹೇಳಿದೆ. ಅವರ ಮುಖ ಸುಣ್ಣದ ಗೋಡೆಯಾಯಿತು. "ನಾನು ಆಕಿರೋ ವೈರು! ಉಲ್ಟಾನಾ? ನಿಂಗೆ ತಿಳೀತಾ?" ಎಂದರು. ಸತ್ಯವಾಗಿಯೂ ಕೇಳಿಸಿತು ರೀ ಎಂದೆ. "ಸರಿ ಬಾ" ಎಂದು ಮಣೆ ಹಾಕಿದರು. ಕಣ್ಣು ಮುಚ್ಚಿಸಿ ಹತ್ತು ಸಲ ಕಟಕಟ ಮಾಡಿ ಹತ್ತು ಸಲವೂ "ಈಗ?" ಎಂದರು. ಅಜ್ಜಿಗೋಸ್ಕರ ಈ ಸಲ ಸೊಪ್ಪು ಬದಿಗಿಟ್ಟು, ಉಸಿರು ಬಿಗಿಹಿಡಿದು ಕೇಳಿದೆ. ಒಂದು ಸಲ ದನಿ ತುಂಬಿಕೊಂಡ ಹಾಗೆ, ಒಂದು ಸಲ ತೆಳ್ಳಗಾದ ಹಾಗೆ, ಏಳನೆಯ ಸಲವಂತೂ ಸ್ವರ್ಗ. ಎಲ್ಲವನ್ನೂ ವಿವರವಾಗಿ ಹೇಳಿದೆ. ಕಣ್ಣು ಬಿಟ್ಟು ನೋಡಿದರೆ ಅವರು ಕೈಯಲ್ಲಿ ಒಂದು ಚಮಚ ಹಿಡಿದುಕೊಂಡು ಡಬ್ಬದ ಹಿಂಬದಿಗೆ ಕುಟ್ಟುತ್ತಾ ನಿಂತಿದ್ದರು. ವೈರನ್ನು ಮುಟ್ಟಿಯೇ ಇರಲಿಲ್ಲ!

"ಏಳ್ನೇ ಸಲ ಸ್ವರ್ಗಾನಾ?" ಎಂದರು. "ಮೂವತ್ತು ವರ್ಷದಿಂದ ಇದೇ ಏನೇ ನೀನ್ ಹೇಳ್ತಿದ್ದಿದ್ದು? ನಿನ್ ಮಾತ್ ಕೇಳ್ಕಂಡು ಆ ಗುಡೀಲಿ ವೈರ್ ಬಿಚ್ಬೇಕಾ ನಾನು? ಅಜ್ಜಿಗೆ ವಯಸ್ಸಾಗದೆ ಕಣೇ, ಒಪ್ಕೊಳ್ಳಿ ಎಲ್ರೂವೆ."

ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಂತೆ ನಾನು ಕಣ್ಣು ಮುಚ್ಚಿ ಹಾಲು ಕಾಯಿಸಿದ್ದೆ. ಲೋಕಕ್ಕೆ ಗೊತ್ತಾಗಿಹೋಯಿತು. ಇನ್ನು ನನ್ನ ಕಿವಿಯ ಮಾತನ್ನು ನಂಬುವವರು ಯಾರು? ಮೇಷ್ಟ್ರಿಗೆ ಹೇಳೋಣವೆಂದರೆ ಗಂಡನ ಮಾನ ನಾನೇ ಕಳೆದ ಹಾಗೆ. ಸುಮ್ಮನಿದ್ದರೆ ಅಜ್ಜಿಯ ಹರಕೆ ಮುರಿದ ಪಾಪ ನನ್ನ ತಲೆಗೆ. ಶ್ರಾವಣಕ್ಕೆ ಎರಡು ವಾರವಿತ್ತು.

ಶುಕ್ರವಾರ ಬೆಳಿಗ್ಗೆ ಗುಡಿ ಗುಡಿಸುವ ಸರದಿ ನನ್ನದು. ಬಾಗಿಲು ತೆಗೆದು, ಸ್ವಾಮಿಗೆ ಕೈಮುಗಿದು, ಡಬ್ಬದ ಹಿಂದೆ ಬಗ್ಗಿ ನೋಡಿದೆ. ಕೆಂಪು ಕ್ಲಿಪ್ಪೊಂದು, ಕರಿ ಕ್ಲಿಪ್ಪೊಂದು, ಒತ್ತಿದರೆ ವೈರು ಬಿಡುತ್ತದೆ. ಎರಡು ಬಿಂದಿಗೆಯ ಮುಚ್ಚಳ ಬದಲಾಯಿಸಿದಷ್ಟು ಸುಲಭ. ಬಲಗಡೆಯದನ್ನು ತಿರುಗಿಸಿ ಹಾಕಿದೆ. ಪೊರಕೆ ಎತ್ತಿಕೊಂಡು ಹೊರಡಬೇಕು, ಮನಸ್ಸು ಒಪ್ಪಲಿಲ್ಲ. ಹೊಸಿಲಿನ ಒಂದು ಕಡೆ ಅರಿಶಿನ ಕುಂಕುಮ ಇಟ್ಟು ಇನ್ನೊಂದು ಕಡೆ ಬಿಟ್ಟು ಬರುತ್ತೇವೆಯೇ? ಎರಡು ದೀಪದ ಕಂಬವಿದ್ದರೆ ಒಂದಕ್ಕೆ ಮಾತ್ರ ಎಣ್ಣೆ ಹಾಕುತ್ತೇವೆಯೇ? ಸ್ವಾಮಿಯ ಸನ್ನಿಧಿಯಲ್ಲಿ ಅರೆಬರೆ ಕೆಲಸ ಒಳ್ಳೆಯದಲ್ಲ ಎನಿಸಿತು. ಎಡಗಡೆಯದನ್ನೂ ಅಚ್ಚುಕಟ್ಟಾಗಿ ತಿರುಗಿಸಿ, ಎರಡಕ್ಕೂ ಒಂದೊಂದು ಹೂವು ಏರಿಸಿ ಬಂದೆ.

ಶನಿವಾರ ಭಜನೆ ಶುರುವಾಯಿತು. ಆಹಾ, ಏನು ದನಿ! ಅಜ್ಜಿಯ ಗಂಟಲಿನಲ್ಲಿ ಜೇನು ಇಳಿಯುತ್ತಿತ್ತು. ಆರತಿ ತಟ್ಟೆ ಹಿಡಿದು ನಡುವೆ ಬಂದೆ, ಅಲ್ಲೂ ಜೇನು. ಕಣ್ಣಲ್ಲಿ ನೀರು ಬಂತು. ಮೇಷ್ಟ್ರ ಕುರ್ಚಿಗೆ ತಟ್ಟೆ ಹಿಡಿದು "ಇವತ್ತು ಅಜ್ಜಿ ದನಿ ಹೆಂಗದೆ ಮೇಷ್ಟ್ರೇ?" ಎಂದು ಗೆದ್ದವಳ ಹಾಗೆ ಕೇಳಿದೆ. ಅವರು ಆರತಿ ಕಣ್ಣಿಗೊತ್ತಿಕೊಂಡು "ಅದೇ ಗಡಿಗೆ ಕಣಮ್ಮ" ಎಂದರು. ಹೊರಗೆ ಬಂದು ಅಜ್ಜಿಗೂ ಹೇಳಿಯೇಬಿಟ್ಟರು. ಮುಂದಿನ ವಾರ ಶ್ರಾವಣ, ನೀನು ಆರಾಮಾಗಿ ಕೂತು ಕೇಳಮ್ಮ, ಹಾಡುವುದು ಬೇಡ ಎಂದು. ಅಜ್ಜಿ ಯಾವ ಭಾಷೆಯಲ್ಲೂ ಬೈಯಲಿಲ್ಲ. ಅದೇ ನನ್ನನ್ನು ಕೊಂದಿತು.

ಮನೆಗೆ ಬಂದಾಗ ಸೆಲ್ವ ಜಗುಲಿಯಲ್ಲಿ ಕೂತಿದ್ದ. ನಮ್ಮೆಜಮಾನರು ಒಳ್ಳೆಯ ಉಮೇದಿನಲ್ಲಿದ್ದರು. "ಇವತ್ತು ಗುಡಿ ಸೌಂಡ್ ಕೇಳ್ಬೇಕಿತ್ತು ಕಣ್ಲಾ! ಮೃದಂಗ ಎದೆಗೇ ಬಂದು ಬಡೀತಿತ್ತು. ಅದು ಸರಿಯಾದ ಫೇಸು ಅಂದ್ರೆ!" ನನಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟು ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ನಾನೇ ವೈರು ತಿರುಗಿಸಿದೆ, ಆದರೂ ಸರಿಹೋಗಲಿಲ್ಲ, ಸ್ವಾಮಿ ಕೈಬಿಟ್ಟ ಎಂದು.

"ಯಾವ್ ಡಬ್ಬಾ ತಿರುಗಿಸ್ದೆ?" ಎಂದರು.

"ಎರಡೂನು. ಒಂದಕ್ಕೆ ಮಾಡಿ ಒಂದಕ್ಕೆ ಬಿಡಕ್ಕಾಗ್ತದಾ?"

ಅವರು ತೊಡೆ ತಟ್ಟಿಕೊಂಡು ನಕ್ಕರು. "ಎರಡೂ ತಿರುಗಿಸಿದ್ರೆ ತಿರುಗಿಸ್ದೇ ಇದ್ದಂಗೇ ಆಯ್ತು ಕಣೇ! ಆಕಡೆ ಮುಖ ಮಾಡಿ ಜಗಳ ಆಡ್ತಿದ್ದೋರು ಈಕಡೆ ಮುಖ ಮಾಡಿ ಜಗಳ ಆಡ್ತಾರೆ, ಅಷ್ಟೇಯ." ಹಾಗಾದರೆ ನಡುವೆ ನಾನು ಕೇಳಿದ ಜೇನೂ ನನ್ನ ಕಿವಿಯದೇ ಸುಳ್ಳು. ಅವರು ನಗುತ್ತಾ ನಗುತ್ತಾ ಸೆಲ್ವನ ಕಡೆ ತಿರುಗಿದರು. ಸೆಲ್ವ ನಗುತ್ತಿರಲಿಲ್ಲ. ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

"ಅಣ್ಣ," ಎಂದ, "ಅಕ್ಕ ನಿನ್ನೆ ಎರಡ್ ಡಬ್ಬಾನೂ ಉಲ್ಟಾ ಮಾಡವ್ರೆ. ಇವತ್ತು ನೀವು ಅಲ್ಲೇ ಕೂತು ಕೇಳಿದೀರಿ. ಎದೆಗೆ ಬಡೀತು ಅಂತೀರಿ. ನಿಮ್ಗೆ ತಿಳೀಲೇ ಇಲ್ವಲ್ಲಣ್ಣ?"

ಪ್ರಾಣ ಕಾದ ಕಿವಿ ಕೆಂಪಗಾಯಿತು. ಏನೂ ತಿಳಿಯದೆ, ಬರೀ ಕುಂಕುಮದ ಲೆಕ್ಕದಲ್ಲಿ, ಎಷ್ಟೋ ವರ್ಷಗಳ ಆ ವಾದವನ್ನು ನಾನು ಗುಡಿಸಿ ಹಾಕಿದ್ದೆ. ಗೆದ್ದ ಸೆಲ್ವನೂ ಕುಣಿಯಲಿಲ್ಲ, ಪುಣ್ಯಾತ್ಮ. "ಬಾ ಅಣ್ಣ, ಗುಡೀಗೆ ಓಗಿ ಒಂದ್ಸಲ ನೋಡ್ಕಂಡ್ ಬರಾನ" ಎಂದ. ನಮ್ಮವರು ಎದ್ದು ಗೋಡೆ ಗಡಿಯಾರದ ಸೆಲ್ಲು ಬಿಚ್ಚಿಕೊಂಡರು.

ಆ ಸೆಲ್ಲನ್ನು ವೈರಿನ ತುದಿಗೆ ಮುಟ್ಟಿಸಿದರೆ ಸ್ಪೀಕರಿನ ತಟ್ಟೆ ಒಂದು ಸಲ ಮಿಸುಕುತ್ತದೆ. ಕಣ್ಣಿಗೇ ಕಾಣುತ್ತದೆ, ಯಾರ ಕಿವಿಯ ಹಂಗೂ ಬೇಡ. ಒಂದು ತಟ್ಟೆ ಮುಂದೆ ನೆಗೆಯಿತು, ಇನ್ನೊಂದು ಒಳಗೆ ಎಳೆದುಕೊಂಡಿತು. ಯುಗಾದಿಯ ದಿನ ಬಲಗಡೆಗೆ ವೈರು ಸಾಲದೆ, ಎರಡೆಳೆಯೂ ಒಂದೇ ಬಣ್ಣದ ಹಳೆಯ ತುಂಡೊಂದನ್ನು ಜೋಡಿಸಿದ್ದರಂತೆ. ಅಲ್ಲೇ ಎಳೆ ಅದಲು ಬದಲಾಗಿತ್ತು. ಅವರು ಆ ಒಂದನ್ನು ಮಾತ್ರ ಬಿಚ್ಚಿ ಸರಿಯಾಗಿ ಕಟ್ಟಿದರು. ಸೆಲ್ವ ಟೇಪು ಸುತ್ತಿದ. ನಾನು ಬಾಗಿಲಲ್ಲಿ ನಿಂತಿದ್ದೆ. ಬರುವಾಗ ಅವರು ನನ್ನ ಕಡೆ ನೋಡದೆ, "ಅವತ್ತು ಆರತಿ ತಟ್ಟೇಲಿ ನಿಂಗೆ ನಿಜವಾಗ್ಲೂ ಕೇಳಿಸಿತ್ತಲ್ಲ" ಎಂದರು. ಮೂವತ್ತೊಂದು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಬಿರುದು ಅದು. ಮಡಿಚಿ ಇಟ್ಟುಕೊಂಡಿದ್ದೇನೆ.

ಶ್ರಾವಣದ ಮೊದಲ ಶನಿವಾರ. ಗುಡಿ ತುಂಬಿತ್ತು. ಮೇಷ್ಟ್ರು ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಅಜ್ಜಿ ಬಂದಿದ್ದಳು. ಬರಿಗೈಯಲ್ಲಿ, ಕಂಬಕ್ಕೆ ಒರಗಿ, ನೆಂಟರ ಮನೆಗೆ ಬಂದವಳ ಹಾಗೆ ಕೂತಿದ್ದಳು. ನಮ್ಮೆಜಮಾನರು ಮೈಕು ಹಿಡಿದುಕೊಂಡು ನೇರ ಹೆಂಗಸರ ಕಡೆ ಬಂದರು.

"ಅಜ್ಜೀ, ಮೈಕ್ ಟೆಸ್ಟ್ ಮಾಡ್ಬೇಕು. ಒಂದ್ ಸಾಲ್ ಹೇಳು."

"ನಾ ಯಾಕಪ್ಪಾ? ಆ ಬೆರಳುದ್ದದ್ದು ಹೇಳ್ತದೆ."

"ಅದ್ಕೆ ಮೈಕ್ ಬೇಕಾಗಿಲ್ಲ ಅಜ್ಜೀ. ಮೈಕ್ ನಿಂಗೇ ಬೇಕಾಗಿರೋದು. ಹೇಳು."

ಅಜ್ಜಿ ಸ್ವಾಮಿಯ ಕಡೆ ಒಮ್ಮೆ ನೋಡಿದಳು. ಕಣ್ಣು ಮುಚ್ಚಿ ಒಂದು ಸಾಲು ಎತ್ತಿದಳು. ಒಂದು ಸಾಲು ಎಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ, ಇಡೀ ಹಾಡು ಹಾಡಿದಳು. ಮೇಷ್ಟ್ರು ಮಂಡಿ ಮರೆತು ಎದ್ದು ನಿಂತರು. "ಕೇಳಿದ್ರಾ? ಕೇಳಿದ್ರಾ ದನೀನ? ನಾನ್ ಹೇಳ್ಲಿಲ್ವಾ, ಮೆಣಸಿನ ಕಷಾಯ ಮೂರ್ ವಾರದ ಮೇಲೇ ಇಡ್ಯೋದು ಅಂತ!" ಎಂದು ಗುಡಿಗೆಲ್ಲ ಕೇಳುವ ಹಾಗೆ ಕೂಗಿದರು. ಪೆನ್‌ಡ್ರೈವ್ ಜೇಬಿನಲ್ಲೇ ಉಳಿಯಿತು. ವೈರಿನ ಮಾತನ್ನು ನಮ್ಮೆಜಮಾನರು ಆಡಲಿಲ್ಲ, ನಾನೂ ಆಡಲಿಲ್ಲ. ಆ ವಾರ ಲೈನಿನ ಹದಿನಾಲ್ಕು ಮನೆಯಲ್ಲಿ ಮೆಣಸಿನ ಕಷಾಯ ಕುದಿಯಿತು.

ಇಲ್ಲಿಗೆ ಮಂಗಳ ಹಾಡಿಬಿಡಬಹುದಿತ್ತು. ಆದರೆ ನಟ್ಟನಡುವಿನ ಕುರ್ಚಿಗೆ ಈಗ ಎಲ್ಲವೂ ಬಿಡಿಬಿಡಿಯಾಗಿ ಕೇಳತೊಡಗಿದೆ. ಮೂರನೆಯ ಶನಿವಾರ ಭಜನೆ ಮುಗಿದ ಮೇಲೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಅಜ್ಜಿ ದನಿ ಬಂಗಾರ. ಆದ್ರೆ ಪಲ್ಲವಿ ಬಂದಾಗೆಲ್ಲಾ ಪಕ್ಕದಾಗೆ ಯಾರೋ ನೆಲದ್ ಮೇಲೆ ಸ್ಟೀಲ್ ಕೊಳಗ ಎಳ್ದಂಗೆ ಕೇಳ್ತದೆ. ಯುಗಾದಿಯಿಂದ ಇರ್ಲಿಲ್ಲ ಇದು. ಯಾರಮ್ಮ ಅದು?" ಎಂದರು. ಗಂಡಸರ ಕಡೆ ಒಬ್ಬರು, ಅವರು ಯಾರೆಂದು ನಾನು ಹೇಳುವುದಿಲ್ಲ, ಮೇಲ್ಛಾವಣಿ ನೋಡುತ್ತಾ ಕೂತಿದ್ದರು. ನರಸಮ್ಮಜ್ಜಿ ನನ್ನ ಮೊಣಕೈ ಹಿಡಿದು ಬಹಳ ಪ್ರೀತಿಯಿಂದ, "ಪದ್ಮೀ, ನೀ ಒಸಿ ಇಂದಕ್ಕೆ ಕೂತ್ಕಳಮ್ಮಿ, ಆ ಗ್ವಾಡೆ ತಾವ" ಎಂದಳು.

ಈಗ ನಾನು ಕೂರುವುದು ಗೋಡೆಯ ಹತ್ತಿರ, ಮೈಕಿಗೆ ನಾಲ್ಕು ಸಾಲು ಹಿಂದೆ. ಒರಗಿಕೊಳ್ಳಲು ಅನುಕೂಲವಾಗಿದೆ, ಫ್ಯಾನೂ ಅಲ್ಲೇ ಇದೆ, ಸ್ವಾಮಿ ದೊಡ್ಡವನು. ಗುಡಿಸುವ ಸರದಿಯೇನೋ ತಪ್ಪಿಸಿಲ್ಲ. ಆದರೆ ಆ ಡಬ್ಬಗಳ ಹಿಂದೆ ಮಾತ್ರ ಪೊರಕೆ ಆಡಿಸುವುದನ್ನು ಬಿಟ್ಟಿದ್ದೇನೆ. ಅಲ್ಲಿ ಧೂಳು ಕೂತಿದೆ, ಇಷ್ಟು ಭಕ್ತಿವಂತೆ ಹೀಗೆ ಮಾಡುವುದೇ ಎಂದು ಮೇಷ್ಟ್ರು ಆಗಲೇ ಎರಡು ಸಲ ಅಂದಿದ್ದಾರೆ. ಅನ್ನಲಿ. ಒಂದೇ ಕಡೆ ತಿರುಗಿಸಬೇಕು ಎಂಬುದು ನನಗೆ ಈಗ ಗೊತ್ತಾಗಿಬಿಟ್ಟಿದೆ. ಅಷ್ಟು ಹತ್ತಿರ ಹೋದರೆ ನನ್ನ ಕೈಯನ್ನು ನಾನೇ ನಂಬುವಂತಿಲ್ಲ.